ನಿಂತವರ ಕಾಲಿಗೆ ನೀರು

ಚಾಮರಾಜನಗರದ ಅಂಗಡಿ ಬೀದಿಯಲ್ಲಿ, ಬೆಳಗಿನ ಎಂಟು ಗಂಟೆಗೆ, ಕಡಿಮೆಯೆಂದರೂ ನಲವತ್ತು ಜನ ನೋಡುತ್ತಿರುವಾಗ, ನಂಜುಂಡಪ್ಪ ಮೇಷ್ಟ್ರು ಒಂದು ತಂಬಿಗೆ ನೀರಿನ ಮೇಲೆ ಕುಳಿತರು. ಕುಳಿತರು ಎನ್ನುವುದು ಮರ್ಯಾದೆಯ ಮಾತು. ನೋಡಿದವರು ಬಿದ್ದರು ಎಂದೇ ಹೇಳುತ್ತಾರೆ.

ಆದದ್ದಿಷ್ಟೆ. ಮಾದಪ್ಪನ ಬೆಟ್ಟಕ್ಕೆ ಗುಂಡ್ಲುಪೇಟೆ ಕಡೆಯಿಂದ ನಡೆದು ಹೊರಟ ಹನ್ನೊಂದು ಜನರ ಪರಸೆ ಒಂದು ಮನೆಯ ಜಗಲಿ ಮುಂದೆ ನಿಂತಿತ್ತು. ಒಳಗಿಂದ ಒಬ್ಬ ಅಜ್ಜಿ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು, ಒಬ್ಬೊಬ್ಬರ ಪಾದವನ್ನೂ ಹಿಡಿದು ತೊಳೆಯುತ್ತ ಬಂದಳು. ಮೇಷ್ಟ್ರ ಸರದಿ ಬಂತು. ಮದುವೆಯ ದಿನ ಮಾವನವರು ಹಿಡಿದದ್ದು ಬಿಟ್ಟರೆ ಅವರ ಪಾದವನ್ನು ನಲವತ್ತಾರು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ಮುಟ್ಟುವಂತೆ ಅದು ಇರಲೂ ಇಲ್ಲ. ನಾಚಿಕೆಯಾಯಿತು, ಕಚಗುಳಿಯೂ ಆಯಿತು. ಕಾಲು ಎಳೆದುಕೊಂಡರು. ಅಜ್ಜಿ ಬಿಡಲಿಲ್ಲ. ಮೇಷ್ಟ್ರು ಇನ್ನೊಂದು ಕಾಲಿನಲ್ಲಿ ಎರಡು ಸಲ ಕುಪ್ಪಳಿಸಿ, ಬೀಡಿ ಅಂಗಡಿಯವನ ಕಡೆ ಸಹಾಯ ಬೇಡುವ ನೋಟ ಬೀರಿ, ತಂಬಿಗೆಯ ಮೇಲೆ ಇಳಿದರು. ಗುಂಡ್ಲುಪೇಟೆಯ ಸ್ಕೂಲಿನಲ್ಲಿ ಹದಿನೆಂಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ, ಬೀದಿಯಲ್ಲಿ ಸ್ವಂತ ಕಾಲ ಮೇಲೆ ನಿಲ್ಲಲಾರದೆ ಹೋದರು.

"ಅಯ್ಯೋ ಬುದ್ಧಿ, ಏಟಾಯ್ತಾ?" ಎಂದಳು ಅಜ್ಜಿ.

"ಇಲ್ಲ, ಇಲ್ಲ. ನಾನೇ ಕೂತೆ" ಎಂದರು ಮೇಷ್ಟ್ರು. ಪಂಚೆಯಿಂದ ನೀರು ಸುರಿಯುತ್ತಿತ್ತು.

ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. ಪರಸೆಯ ಮುಂದಾಳು ಪುಟ್ಟಬಸಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಕಾಲ್ ಕೊಡ್ಬೇಕು ಕಣ್ಲಾ ನಂಜುಂಡ, ಕಿತ್ಕಬಾರ್ದು. ತೊಳ್ದು ವಾಪಸ್ ಕೊಡ್ತಾರೆ."

ಆ ಪರಸೆಯ ಕಟ್ಟಳೆ ಹಾಗಿತ್ತು. ಬೆಟ್ಟಕ್ಕೆ ಬರಿಗಾಲಲ್ಲಿ ಹೊರಟವರು ನಡೆಯುತ್ತಿರುವಾಗ ಯಾರೂ ತಡೆಯುವಂತಿಲ್ಲ. ಆದರೆ ಎಲ್ಲಿಯಾದರೂ ನಿಂತರೋ, ಕೂತರೋ, ನೀರು ಹಿಡಿದು ಬಂದವರಿಗೆ ಕಾಲು ಕೊಡಲೇಬೇಕು. ಕಾಲು ತೊಳೆಸಿಕೊಂಡವರು ತೊಳೆದವರ ಹಣೆಗೆ ವಿಭೂತಿ ಇಟ್ಟು "ಮಾದಪ್ಪ ಒಳ್ಳೇದು ಮಾಡ್ಲಿ" ಅನ್ನಬೇಕು. ಆಮೇಲೆ ಅವರ ಮೇಲೆ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ತೊಳೆದವರು ಏನಾದರೂ ಕೇಳಿದರೆ, ಕೈಲಾಗುವಂಥದ್ದಾದರೆ, ಇಲ್ಲ ಅನ್ನುವಂತಿಲ್ಲ. ಕಾಲು ಕೊಡದೆ ಹೋದರೆ ಆ ನಡಿಗೆ ಮಾದಪ್ಪನಿಗೆ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಜನ ಕೇಳುತ್ತಿದ್ದದ್ದು "ನಮ್ಮೆಸ್ರಲ್ಲೂ ಒಂದ್ ಕಾಯಿ ಒಡ್ಸಿ" ಅಂತ ಅಷ್ಟೆ. ಆದರೆ ಹತ್ತು ವರ್ಷದ ಗದ್ದೆಯ ಬದುವಿನ ಜಗಳ ಒಂದು ತಂಬಿಗೆ ನೀರಿನಲ್ಲಿ ಹರಿದುಹೋದದ್ದನ್ನು ಕಂಡವರು ಪರಸೆಯಲ್ಲೇ ಇದ್ದರು.

ಪುಟ್ಟಬಸಮ್ಮನದು ಗುಂಡ್ಲುಪೇಟೆಗೆ ಎರಡು ಮೈಲಿ ದೂರದ ಹಳ್ಳಿ. ನಂಜುಂಡಪ್ಪ ಮೇಷ್ಟ್ರಿಗೆ ಚಿಕ್ಕಪ್ಪನ ಮಗಳು, ಆರು ವರ್ಷಕ್ಕೆ ದೊಡ್ಡವಳು. ಮಗಳು ಗುರುಮಲ್ಲಮ್ಮ ಒಂಬತ್ತು ತಿಂಗಳ ಕೂಸಾಗಿದ್ದಾಗ ಗಂಡ ಸಿಡುಬಿನಲ್ಲಿ ಹೋದ. ಅದೇ ಸಿಡುಬು ಕೂಸಿಗೂ ಬಂತು. ಕೂಸು ಉಳಿದರೆ ಇಪ್ಪತ್ತು ವರ್ಷ ನಿನ್ನ ಬೆಟ್ಟಕ್ಕೆ ನಡೆದು ಬರುತ್ತೇನೆ ಎಂದು ಮಾದಪ್ಪನಿಗೆ ಹರಕೆ ಹೊತ್ತಳು. ಕೂಸು ಉಳಿಯಿತು. ಐದು ಎಕರೆ ಹೊಲದಲ್ಲಿ ರಾಗಿ, ಹುರುಳಿ, ಈರುಳ್ಳಿ ಬೆಳೆದು, ಮೈದುನರು ಬದು ಒತ್ತಿದಾಗಲೆಲ್ಲ ರಾತ್ರೋರಾತ್ರಿ ಕಲ್ಲನ್ನು ಹಿಂದಕ್ಕೆ ನೆಟ್ಟು, ಅವಳು ಬದುಕಿದಳು. ಮಾತು ಕಡಿಮೆ. ಒಮ್ಮೆ ಕೇರಳದ ಕಡೆಯ ವ್ಯಾಪಾರಿಯೊಬ್ಬ ಮಂಡಿಯಲ್ಲಿ ಅವಳ ಈರುಳ್ಳಿ ಎತ್ತಿ ತೋರಿಸಿ, "ಏನಮ್ಮ ಇಷ್ಟು ಸಣ್ಣಕ್ಕಿದೆ?" ಎಂದು ಕೇಳಿದನಂತೆ. "ಮಣ್ಣೊಳಗಿದ್ದಾಗ ನಾನೂ ನೋಡ್ಲಿಲ್ಲ ಸ್ವಾಮಿ" ಎಂದಳಂತೆ. ನಗಲಿಲ್ಲವಂತೆ. ಅವಳು ನಕ್ಕದ್ದನ್ನು ನೆನಪಿಟ್ಟುಕೊಂಡವರೂ ಊರಲ್ಲಿ ಕಡಿಮೆ.

ಸಾವಿರದ ಒಂಬೈನೂರ ಐವತ್ತಾರರ ಆ ದೀಪಾವಳಿ ಅವಳ ಇಪ್ಪತ್ತನೆಯ ನಡಿಗೆ. ಹತ್ತೊಂಬತ್ತು ಸಲವೂ ಅವಳು ಹಿಡಿದದ್ದು ಬಯಲಿನ ಸಮತಟ್ಟಾದ ದಾರಿಯನ್ನೇ: ಚಾಮರಾಜನಗರ, ಸಂತೆಮರಹಳ್ಳಿ, ಕೊಳ್ಳೇಗಾಲ, ಅಲ್ಲಿಂದ ಮುಂದೆ. ಈ ಸಲ ಆ ದಾರಿಯಲ್ಲಿ ಒಂದು ಹಿತ್ತಾಳೆ ಬಿಂದಿಗೆ ಕಾಯುತ್ತಿತ್ತು.

ಸಂತೆಮರಹಳ್ಳಿಗೆ ಇನ್ನೂ ಮೂರು ಮೈಲಿ ಇರುವಾಗಲೇ ರಸ್ತೆ ಬದಿಗೆ ಒಂದು ಹಳ್ಳಿ, ಪರಸೆ ಪ್ರತಿ ವರ್ಷ ದಣಿವಾರಿಸಿಕೊಳ್ಳುವ ಜಾಗ. ಅಲ್ಲಿನ ವೃಷಭೇಂದ್ರಪ್ಪನವರ ಮಗ ಮರಿಮಲ್ಲಪ್ಪನಿಗೆ ಮೂರು ವರ್ಷದ ಹಿಂದೆ ಗುರುಮಲ್ಲಮ್ಮನನ್ನು ಕೊಟ್ಟಿತ್ತು. ನಾಲ್ಕು ತಿಂಗಳ ಹಿಂದೆ, ಆಷಾಢದಲ್ಲಿ, ಗುರುಮಲ್ಲಮ್ಮ ಒಬ್ಬಳೇ ನಡೆದುಕೊಂಡು ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಬೀಗರು ಮೂರು ಸಲ ಜನ ಕಳಿಸಿದರು, ಒಂದು ಸಲ ಪಂಚಾಯಿತಿ ಸೇರಿಸಿದರು. ಪುಟ್ಟಬಸಮ್ಮ ಕಳಿಸಲಿಲ್ಲ. ಆಗ ವೃಷಭೇಂದ್ರಪ್ಪನವರಿಗೆ ಪರಸೆಯ ಕಟ್ಟಳೆ ನೆನಪಾಯಿತು. ಬೀಗಿತಿ ಪರಸೆಯೊಡನೆ ತನ್ನ ಬಾಗಿಲಲ್ಲಿ ನಿಂತಾಗ ತಾನೇ ಕಾಲು ತೊಳೆದು, "ಸೊಸೇನ ಕಳ್ಸಿ" ಎಂದು ಕೇಳುವುದು. ಹೊಸ ಬಿಂದಿಗೆ ತಂದರು, ಮೂರು ಊರಿನ ಯಜಮಾನರನ್ನು ಸಾಕ್ಷಿಗೆ ಕರೆದರು. ಈ ಸುದ್ದಿ ತೆರಕಣಾಂಬಿ ಸಂತೆಯಲ್ಲೇ ಪುಟ್ಟಬಸಮ್ಮನ ಕಿವಿಗೆ ಬಿದ್ದಿತ್ತು.

"ನಾವ್ ಬರೋ ದಿನ ಅವ್ರಿಗೆ ಎಂಗ್ ಗೊತ್ತಾಯ್ತೋ" ಎಂದಿದ್ದಳು.

ಮೇಷ್ಟ್ರು ಆಗ ಮೋಡ ನೋಡುತ್ತ, ಮಳೆ ಬರಬಹುದೇ ಎಂದು ವಿಚಾರಿಸಿದ್ದರು.

ಅವರಿಗೆ ಗೊತ್ತಿತ್ತು. ವೃಷಭೇಂದ್ರಪ್ಪನವರು ತಿಂಗಳ ಹಿಂದೆ ಗುಂಡ್ಲುಪೇಟೆಗೆ ಬಂದಿದ್ದರು. "ಮೇಷ್ಟ್ರೇ, ನಿಮ್ಮಂಥ ತಿಳ್ದೋರು ಮಧ್ಯ ಬಂದ್ರೆ ಎರಡು ಮನೆ ಉಳೀತವೆ" ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ದೋಸೆ, ಒಂದು ಕಾಫಿ ಕೊಡಿಸಿದ್ದರು. ತಿಳಿದವರು ಅಂತ ಮೇಷ್ಟ್ರನ್ನು ಯಾರಾದರೂ ಕರೆದು ಬಹಳ ಕಾಲವಾಗಿತ್ತು. ಅವರ ಹೆಂಡತಿಯಂತೂ ಕರೆದಿರಲಿಲ್ಲ. ದೋಸೆಯೂ ಚೆನ್ನಾಗಿತ್ತು. ಕಾಲು ತೊಳೆಯುವ ವಿಚಾರ ಕೇಳಿ ಎಷ್ಟು ಸುಂದರವಾದ ಮುಕ್ತಾಯ ಎಂದು ಅವರ ಕಣ್ಣು ಒದ್ದೆಯಾಯಿತು. ಪರಸೆ ಯಾವ ದಿನ, ಯಾವ ಹೊತ್ತಿಗೆ ಬೀಗರ ಊರು ಸೇರುತ್ತದೆ ಎಂದು ಗುಂಡಗಿನ ಅಕ್ಷರದಲ್ಲಿ ಒಂದು ಕಾರ್ಡು ಬರೆದು ಅಂಚೆಗೆ ಹಾಕಿದರು. ತಾವೇ ಕಣ್ಣಾರೆ ನೋಡಬೇಕೆಂದು ರಜಾ ಹಾಕಿ, ಜನ್ಮದಲ್ಲಿ ಮೊದಲ ಸಲ ಬರಿಗಾಲಲ್ಲಿ ಹೊರಟರು. ಎರಡೇ ದಿನಕ್ಕೆ ಪಾದದಲ್ಲಿ ನಾಲ್ಕು ಬೊಬ್ಬೆ ಎದ್ದಿದ್ದವು.

ಚಾಮರಾಜನಗರ ದಾಟುವ ಕಡೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಸಂತೆಮರಹಳ್ಳಿ, ಗದ್ದೆ ಬಯಲು, ಹೆಜ್ಜೆಗೊಂದು ಮರದ ನೆರಳು. ಪುಟ್ಟಬಸಮ್ಮ ಅಲ್ಲಿ ನಿಲ್ಲಲೂ ಇಲ್ಲ. ಬಲಕ್ಕೆ ತಿರುಗಿದಳು.

"ಅಕ್ಕಾ, ಅದು ಪುಣಜನೂರ್ ದಾರಿ ಕಣಕ್ಕ!" ಎಂದು ಕೂಗಿದಳು ಸುಂದ್ರಮ್ಮ. ಗುಂಡ್ಲುಪೇಟೆಯ ದಿನಸಿ ಅಂಗಡಿಯವನ ಹೆಂಡತಿ; ದೇಹ ಭಾರ, ನಾಲಿಗೆ ಹಗುರ. "ಆಮೇಕೆ ಬರೀ ಗುಡ್ಡ, ಬರೀ ಕಾಡು. ಆನೆ ಅವೆ!"

"ಅವೆ. ಕಾಲ್ ತೊಳಿಯಕ್ಕೆ ಬರಾಕಿಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಗುಡ್ಡದ ದಾರಿ ಎಂದರೆ ಎರಡು ದಿನ ಹೆಚ್ಚು; ಮನೆಯಿಲ್ಲ, ಮಜ್ಜಿಗೆಯಿಲ್ಲ. ಏಳು ಜನ, ಪುಟ್ಟಬಸಮ್ಮನಿಗೆ ಕೈಮುಗಿದು, ಎಡಕ್ಕೆ ಹೋದರು. ಮೂವತ್ತು ವರ್ಷದಿಂದ ಕಂಸಾಳೆ ಹಿಡಿದು ಮಾದಪ್ಪನ ಪದ ಹೇಳಿಕೊಂಡು ನಡೆಯುತ್ತಿದ್ದ ಮುದುಕ ಚಿಕ್ಕಮಾದಯ್ಯ, "ಎಲ್ಲಾ ದಾರೀನೂ ಅವನ್ದೇ, ನಡೀರಿ ಹೋಗನ" ಎಂದು ಬಲಕ್ಕೆ ಬಂದ. ಸುಂದ್ರಮ್ಮ ಎರಡೂ ದಾರಿ ನೋಡಿದಳು. ಹಿಟ್ಟಿನ ಚೀಲ, ಮುದ್ದೆ ಮಾಡುವ ಪಾತ್ರೆ ಎರಡೂ ಪುಟ್ಟಬಸಮ್ಮನ ಗಂಟಿನಲ್ಲಿದ್ದವು. "ಪಾತ್ರೆ ಇರೋ ಕಡೀಕೆ ನಾನು" ಎಂದು ಬಲಕ್ಕೆ ತಿರುಗಿದಳು.

ಮೇಷ್ಟ್ರ ನಾಲ್ಕೂ ಬೊಬ್ಬೆಗಳು ಎಡಕ್ಕೆ ಹೋಗು ಎಂದವು. ಆದರೆ ಅಕ್ಕನಿಲ್ಲದೆ, ತಾವು ಬರೆದ ಕಾರ್ಡು ಹಿಡಿದು ನಿಂತಿರುವ ವೃಷಭೇಂದ್ರಪ್ಪನವರ ಎದುರಿಗೆ ನಿಲ್ಲುವುದು ಅವರಿಗೆ ಆನೆಗಿಂತ ಭಯಂಕರವಾಗಿ ಕಂಡಿತು. ಭಕ್ತಿಯಿಂದ ಕಷ್ಟದ ದಾರಿ ಹಿಡಿದವರ ಕಥೆ ಎಷ್ಟೋ ಇದೆ. ಮೇಷ್ಟ್ರು ಹಿಡಿದದ್ದು ಹೇಡಿತನದಿಂದ.

ದಾರಿಯುದ್ದಕ್ಕೂ ಅವರು ತಮ್ಮ ಅಳುಕನ್ನು ಮರೆಸಲು ಪಾಠ ಮಾಡಿದರು. ಇನ್ನು ನಾಲ್ಕು ದಿನಕ್ಕೆ ರಾಜ್ಯಗಳ ಗಡಿ ಬದಲಾಗುತ್ತದೆ, ಇವತ್ತು ಮದರಾಸಿಗೆ ಸೇರಿದ ಕೊಳ್ಳೇಗಾಲ, ಬೆಟ್ಟ ಎಲ್ಲವೂ ನಾವು ಹೋಗಿ ಮುಟ್ಟುವ ಹೊತ್ತಿಗೆ ಮೈಸೂರಿನದಾಗಿರುತ್ತದೆ ಎಂದು ವಿವರಿಸಿದರು.

"ಮಾದಪ್ಪಂಗೆ ಏಳವ್ರಾ?" ಎಂದು ಕೇಳಿದಳು ಸುಂದ್ರಮ್ಮ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಕುಂಟುತ್ತಿದ್ದರು. ಚಿಕ್ಕಮಾದಯ್ಯ, ಸುಂದ್ರಮ್ಮ ಮುಂದೆ ಹೋದರು. ಪುಟ್ಟಬಸಮ್ಮ ತಮ್ಮನಿಗಾಗಿ ಹಿಂದೆ ಉಳಿದಳು. ಇದೇ ಸಮಯವೆಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹೆಣ್ಣು ಅಂದ ಮೇಲೆ ಸ್ವಲ್ಪ ಹೊಂದಿಕೊಂಡು ಹೋಗಬೇಕು, ಯಾರ ಮನೆಯಲ್ಲಿ ಮಾತು ಬರುವುದಿಲ್ಲ, ವೃಷಭೇಂದ್ರಪ್ಪನವರು ದೊಡ್ಡ ಮನುಷ್ಯರು, ತಾವಾಗಿ ಬಗ್ಗಿ ಕಾಲು ತೊಳೆಯುತ್ತೇನೆ ಅನ್ನುವಾಗ... ಹೀಗೆ ಒಂದು ಫರ್ಲಾಂಗು ನಡೆಯಿತು ಭಾಷಣ.

ಪುಟ್ಟಬಸಮ್ಮ ಕೇಳಿದಳು: "ಗುರುಮಲ್ಲಿ ಬಂದ್ಮೇಲೆ ನೀನ್ ಎಷ್ಟ್ ಸಲ ಮನೇಗ್ ಬಂದಿದ್ದೆ?"

"ಎರಡು ಸಲ."

"ಅವಳ್ ಬಲಕ್ ಕೂತಿದ್ಯಾ, ಎಡಕ್ಕಾ?"

ಇದೆಂಥ ಪ್ರಶ್ನೆ ಎಂದುಕೊಂಡರು ಮೇಷ್ಟ್ರು. ಆಮೇಲೆ ನೆನಪಾಯಿತು. ಎರಡನೆಯ ಸಲ ಹೋದಾಗ ಗುರುಮಲ್ಲಮ್ಮ ಬಾಗಿಲ ಬಳಿ ಹುರುಳಿ ಕೇರುತ್ತಿದ್ದಳು. ಅವಳ ಎಡಗಡೆ ಕೂತು, "ಮಗಾ, ಒಂದ್ ಲೋಟ ನೀರು" ಎಂದು ಎರಡು ಸಲ ಕೇಳಿದ್ದರು. ಅವಳು ತಿರುಗಿಯೂ ನೋಡಿರಲಿಲ್ಲ. ಮನೆಗೆ ಬಂದು ಹೆಂಡತಿಗೆ, "ಹುಡುಗಿಗೆ ಸೊಕ್ಕು ಬಂದಿದೆ, ಸಂಸಾರ ಮಾಡುವ ಲಕ್ಷಣವಲ್ಲ" ಎಂದಿದ್ದರು.

"ಆ ಕಡೆ ಕಿವಿ ಓಗ್ಬುಟ್ಟದೆ" ಎಂದಳು ಪುಟ್ಟಬಸಮ್ಮ. "ಎತ್ತಿಗೆ ನೀರ್ ತೋರ್ಸಿರ್ಲಿಲ್ಲ ಅಂತ ಮರಿಮಲ್ಲ ಬಾರುಕೋಲ್ ತಿರ್ಗ್ಸಿ ಹೊಡ್ದ. ಬೀದೀಲಿ. ಬೀಗ್ರು ಜಗ್ಲಿ ಮೇಲೆ ಕೂತಿದ್ರು."

"ಅವರೇನೂ ಅನ್ನಲಿಲ್ವಾ?"

"ಅಂದ್ರು. ಒಳಗ್ ಕರ್ಕಂಡೋಗಿ ಹೊಡಿ, ಇಲ್ ಬ್ಯಾಡ ಅಂದ್ರು."

ಮೇಷ್ಟ್ರು ಒಂದು ಕಲ್ಲು ಎಡವಿ ಸಾವರಿಸಿಕೊಂಡರು. ಆಮೇಲೆ ಕೇಳಿದರು: "ಪಂಚಾಯಿತೀಲಿ ಇದನ್ನ ಹೇಳಲಿಲ್ವೇನಕ್ಕ?"

"ಹೇಳ್ದೆ. ಇನ್ನೊಂದ್ ಕಿವಿ ನೆಟ್ಟಗದಲ್ಲ ಅಂದ್ರು."

ಬಿಸಿಲು ಸುಡುತ್ತಿರಲಿಲ್ಲ, ಆದರೂ ಮೇಷ್ಟ್ರ ಬೆನ್ನು ಬೆವರಿತು. "ಹಾಗಾದ್ರೆ ಅವರ ಬಾಗಿಲಲ್ಲೇ ನಿಂತು, ಕಾಲು ಕೊಡೋದಿಲ್ಲ ಅಂದ್ಬಿಡಬೇಕಿತ್ತು!"

"ಇದು ಇಪ್ಪತ್ತನೇದು ಕಣ್ಲಾ. ಅವಳು ಉಳೀಲಿ ಅಂತ ಹೊತ್ತಿದ್ದ ಹರಕೆ. ಕಾಲ್ ಕೊಡ್ದೆ ಇದ್ರೆ ಇಪ್ಪತ್ತೂ ನೀರಲ್ ಬುಟ್ಟಂಗೆ. ಕೊಟ್ರೆ ಮಗಳ್ನ ಬುಟ್ಕೊಡ್ಬೇಕು. ಅದ್ಕೇ ದಾರಿ ಬದ್ಲಾಯ್ಸ್ದೆ."

"ಅಕ್ಕ..." ಎಂದರು ಮೇಷ್ಟ್ರು. ಕಾರ್ಡಿನ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಏನು?"

"ಬೊಬ್ಬೆ ಒಡೀತು" ಎಂದರು. ಅದು ಸುಳ್ಳೇನಲ್ಲ. ಒಡೆದಿತ್ತು.

ಸಂಜೆಗೆ ಪುಣಜನೂರು ಮುಟ್ಟಿದರು. ಅಲ್ಲಿಂದ ಸತ್ಯಮಂಗಲದ ಕಡೆ ಹೋಗುವ ರಸ್ತೆ ಕಾಡನ್ನು ಬಳಸಿಕೊಂಡು ನಿಧಾನವಾಗಿ ಮೇಲೇರುತ್ತದೆ. ಬಿದಿರು ತುಂಬುವ ಲಾರಿಗಳು ಓಡಾಡುತ್ತವೆ. ಅದರಲ್ಲೇ ಮುಂದೆ ಹೋಗಿ ಪೂರ್ವಕ್ಕೆ ತಿರುಗುವುದೆಂದು ಮಾತಾಗಿತ್ತು. ಇನ್ನೊಂದು ದಾರಿಯೂ ಇತ್ತು, ಸೋಲಿಗರು ಜೇನಿಗೆ ಹೋಗುವ ಕಾಲುದಾರಿ. ಅದು ಯಾವುದನ್ನೂ ಬಳಸುವುದಿಲ್ಲ. ಎದುರಿನ ಗುಡ್ಡದ ಎದೆಯ ಮೇಲೆ ನೆಟ್ಟಗೆ ಹತ್ತುತ್ತದೆ. ಚಿಕ್ಕಮಾದಯ್ಯ ಹುಡುಗನಾಗಿದ್ದಾಗ ಒಮ್ಮೆ ಹತ್ತಿದ್ದನಂತೆ. ಆಮೇಲೆ ಬುದ್ಧಿ ಬಂತು ಎಂದ.

ಬೆಳಿಗ್ಗೆ ಊರ ಹೊರಗಿನ ಹುಣಸೆ ಮರದಡಿ ಸುಂದ್ರಮ್ಮ ಒಲೆ ಹೂಡಿ ಎಸರಿಟ್ಟಳು. ಎಸರು ಕುದಿ ಬರುವಷ್ಟರಲ್ಲಿ ಒಂದು ಖಾಲಿ ಲಾರಿ ಬಂದು ರಸ್ತೆಯಲ್ಲಿ ನಿಂತಿತು. ಅದರ ಹಿಂಭಾಗದಿಂದ ಮೊದಲು ಒಂದು ಹೊಳೆಯುವ ಹಿತ್ತಾಳೆ ಬಿಂದಿಗೆ ಇಳಿಯಿತು. ಅದರ ಹಿಂದೆ, ರುಮಾಲು ಸಡಿಲಗೊಂಡು, ಒಂದು ಕಾಲು ಗಾಳಿಯಲ್ಲಿ ನೆಲ ಹುಡುಕುತ್ತ, ವೃಷಭೇಂದ್ರಪ್ಪನವರು.

ಅವರು ಬಂದದ್ದು ಹೇಗೆಂದು ಊಹಿಸುವುದು ಕಷ್ಟವಿರಲಿಲ್ಲ. ಎಡಕ್ಕೆ ಹೋದ ಏಳು ಜನ ಅವರ ಬಾಗಿಲಲ್ಲಿ ನಿಂತಿದ್ದರು. ಬೀಗರು ಏಳೂ ಜನರ ಕಾಲು ತೊಳೆದು, "ಪುಟ್ಟಬಸಮ್ಮ ಎಲ್ ಹೋದ್ಲು?" ಎಂದು ಕೇಳಿದ್ದರು. ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ.

ಪುಟ್ಟಬಸಮ್ಮ ಎದ್ದಳು. ಗಂಟು ಹೆಗಲಿಗೆ ಹಾಕಿದಳು, ನೀರಿನ ಸೋರೆಬುರುಡೆ ಕಂಕುಳಿಗೆ ಸಿಕ್ಕಿಸಿಕೊಂಡಳು, ನಡೆದಳು. ರಸ್ತೆಗಲ್ಲ, ಗುಡ್ಡಕ್ಕೆ.

"ಅಕ್ಕಾ, ಮುದ್ದೆ!" ಎಂದಳು ಸುಂದ್ರಮ್ಮ.

"ಮೇಲೆ."

ರಸ್ತೆಯಲ್ಲಿ ಹೋದರೆ ಲಾರಿ ಹಿಂದೆ ಬರುತ್ತದೆ, ನಾಲ್ಕು ಮೈಲಿಗೊಮ್ಮೆ ಕೂರಲೇಬೇಕು, ಕೂತಲ್ಲಿ ಬಿಂದಿಗೆ ಬರುತ್ತದೆ. ಗುಡ್ಡಕ್ಕೆ ಲಾರಿ ಹತ್ತುವುದಿಲ್ಲ; ಬಿಂದಿಗೆ ಹತ್ತಬೇಕಾದರೆ ಅದನ್ನು ಯಾರಾದರೂ ಹೊರಬೇಕು.

ವೃಷಭೇಂದ್ರಪ್ಪನವರೂ ಹಟದ ಮನುಷ್ಯರೇ. ಗುಡ್ಡದ ಬುಡದಲ್ಲಿ ಚಿಕ್ಕಮಾದಯ್ಯ ತಿರುಗಿ, "ಪರಸೆ ಹಿಂದೆ ಚಪ್ಲಿ ಹಾಕಂಡು ಬರಂಗಿಲ್ಲ ಸಾವ್ಕಾರ್ರೆ" ಎಂದಾಗ, ಕಿರುಗುಟ್ಟುವ ಚಪ್ಪಲಿ ಬಿಟ್ಟರು. ಹಣೆಯ ವಿಭೂತಿ ಸರಿಮಾಡಿಕೊಂಡರು. ಅಲ್ಲೇ ಹರಿಯುತ್ತಿದ್ದ ತೊರೆಯಲ್ಲಿ ಬಿಂದಿಗೆ ತುಂಬಿಕೊಂಡು ಹೆಗಲಿಗೇರಿಸಿ ಹತ್ತತೊಡಗಿದರು.

"ಬೀಗಿತೀ, ಒಂದ್ ಗಳಿಗೆ ನಿಂತ್ಕಳಿ! ಜಗಳಕ್ ಬಂದಿಲ್ಲ, ಕಾಲ್ ತೊಳಿಯಕ್ ಬಂದಿವ್ನಿ!"

"ನಿಂತಾಗ ತೊಳಿವ್ರಂತೆ, ಬನ್ನಿ" ಎಂದಳು ಅವಳು, ನಿಲ್ಲದೆ.

ಹಿಂದಿನ ವಾರದ ಮಳೆಗೆ ಮಣ್ಣು ಜಾರುತ್ತಿತ್ತು. ಲಾಂಟಾನದ ಪೊದೆ ಎರಡೂ ಕಡೆಯಿಂದ ಸೀರೆ ಹಿಡಿಯುತ್ತಿತ್ತು. ಪುಟ್ಟಬಸಮ್ಮ ನಡೆಯುತ್ತಲೇ ಗಂಟು ಹೆಗಲು ಬದಲಾಯಿಸಿದಳು, ನಡೆಯುತ್ತಲೇ ಒಂದು ಗುಟುಕು ನೀರು ಕುಡಿದಳು. ಹಿಮ್ಮಡಿಗೆ ಮುಳ್ಳು ಹೊಕ್ಕಿತು. ಬಗ್ಗಿ ತೆಗೆಯಬೇಕೆಂದರೆ ನಿಲ್ಲಬೇಕು. ಮುಳ್ಳಿನ ಮೇಲೆಯೇ ನಡೆದಳು. ಹಿಂದೆ ಬರುತ್ತಿದ್ದ ಮೇಷ್ಟ್ರಿಗೆ ಅವಳು ಕಾಲೆತ್ತಿದಾಗಲೆಲ್ಲ ಕಲ್ಲಿನ ಮೇಲೆ ಕೆಂಪಗೆ ಒಂದು ಬೊಟ್ಟು ಕಾಣುತ್ತಿತ್ತು.

ಅರ್ಧ ಮೈಲಿಗೆ ಸುಂದ್ರಮ್ಮ ಕೈ ಚೆಲ್ಲಿದಳು. "ನನ್ ಕೈಲಾಗಾಕಿಲ್ಲ. ಒಸಿ ಕೂತ್ಕಳನ ಕಣಕ್ಕ."

"ನೀನ್ ಕೂತ್ಕ. ನಿನ್ ತಾವ ಕೇಳದು ಅವ್ರಿಗೇನಿಲ್ಲ."

ಸುಂದ್ರಮ್ಮ ದಾರಿಗೆ ಅಡ್ಡವಾಗಿ ಕೂತಳು. ಹಿಂದೆ ಬಂದ ವೃಷಭೇಂದ್ರಪ್ಪನವರು ಪಕ್ಕಕ್ಕೆ ಸರಿದು ಹೋಗಲು ನೋಡಿದರು. ಮೇಲಿಂದ ಚಿಕ್ಕಮಾದಯ್ಯ ಕೂಗಿದ: "ಸಾವ್ಕಾರ್ರೆ, ಬಿಂದ್ಗೆ ಹಿಡ್ಕಂಡು ಬಂದೋರು ನಿಂತೋರ್ನ ಬುಟ್ಟು ಓಗಂಗಿಲ್ಲ!"

ಸುಂದ್ರಮ್ಮ ಕೆಸರು ಮೆತ್ತಿದ ಎರಡೂ ಪಾದಗಳನ್ನು ಸಂತೋಷದಿಂದ ಮುಂದೆ ಚಾಚಿದಳು. ವೃಷಭೇಂದ್ರಪ್ಪನವರು ಹಲ್ಲು ಕಚ್ಚಿ ತೊಳೆದರು. ಅರ್ಧ ಬಿಂದಿಗೆ ಅಲ್ಲೇ ಹೋಯಿತು.

"ಆ ಹೆಂಗ್ಸನ್ನ ನಿಲ್ಲು ಅನ್ನಿ. ಅದೇ ನಾನ್ ಕೇಳದು" ಎಂದರು, ಏದುಸಿರಿನಲ್ಲಿ.

"ಕೈಲಾಗೋದ್ನ ಕೇಳ್ಬೇಕು ಸ್ವಾಮಿ" ಎಂದಳು ಸುಂದ್ರಮ್ಮ, ಅವರ ಹಣೆಗೆ ಧಾರಾಳವಾಗಿ ವಿಭೂತಿ ಬಳಿಯುತ್ತ. "ಇಪ್ಪತ್ ವರ್ಸದಿಂದ ನಾವೂ ಕೇಳ್ತಾನೇ ಇವಿ."

ಮೇಲಕ್ಕೆ ಹೋದಂತೆ ದಾರಿ ಏಣಿಯಂತಾಯಿತು. ವೃಷಭೇಂದ್ರಪ್ಪನವರ ಕೂಗು ಈಗ ಪುಟ್ಟಬಸಮ್ಮನನ್ನು ಬಿಟ್ಟು ಮೇಷ್ಟ್ರ ಕಡೆ ತಿರುಗಿತು.

"ಮೇಷ್ಟ್ರೇ! ನೀವಾದ್ರೂ ಹೇಳಿ! ದಿನ, ಹೊತ್ತು ಎಲ್ಲಾ ಕಾರ್ಡಲ್ಲಿ ಬರ್ದೋರು ನೀವಲ್ವಾ! ಈಗ ಸುಮ್ಕಿದ್ರೆ ಎಂಗೆ?"

ಗುಡ್ಡದಲ್ಲಿ ಕೂಗು ಚೆನ್ನಾಗಿ ಕೇಳಿಸುತ್ತದೆ. ಎದುರಿನ ಬಂಡೆ ಕಾರ್ಡಿನ ಮಾತನ್ನು ಇನ್ನೊಂದು ಸಲ ಹೇಳಿತು. ಮೇಷ್ಟ್ರಿಗೆ, ನೆಲ ಬಾಯಿಬಿಡಲಿ ಅನ್ನಿಸಲಿಲ್ಲ. ಬಾಯಿಬಿಟ್ಟರೂ ಅದರ ತನಕ ನಡೆಯುವ ಶಕ್ತಿ ಅವರಿಗಿರಲಿಲ್ಲ.

ಪುಟ್ಟಬಸಮ್ಮ ಹತ್ತು ಹೆಜ್ಜೆ ಹತ್ತಿದಳು.

"ನೀನಾ?"

"ಹೂಂ, ಅಕ್ಕ. ನನಗೆ ಕಿವಿ ವಿಚಾರ ಗೊತ್ತಿರಲಿಲ್ಲ. ಅವರು ಬಂದು ತಿಳಿದೋರು ಅಂದ್ರು. ಹೋಟೆಲಿಗೆ..."

"ಏನ್ ಕೊಡ್ಸಿದ್ರು?"

"ದೋಸೆ. ಎರಡು."

ಇನ್ನೂ ಹತ್ತು ಹೆಜ್ಜೆ. "ನನ್ ಗಂಡ ಸತ್ತ ದಿನಾನೇ ನಿಂಗೆ ಗ್ಯಾನ ಇರಾಕಿಲ್ಲ, ವರ್ಸಾ ವರ್ಸಾ ನಾನೇ ಹೇಳ್ ಕಳಿಸ್ಬೇಕು. ಇದೊಂದ್ ತಾರೀಕು ಸರ್ಯಾಗ್ ಬರ್ದಿದ್ದೀಯ." ಹಿಂದಕ್ಕೆ ನೋಡದೆ ಗಂಟನ್ನು ಹೆಗಲಿಂದ ಜಾರಿಸಿ ತಮ್ಮನ ಕೈಗೆ ಬಿಟ್ಟಳು. "ಹೊತ್ಕ."

ಮೇಷ್ಟ್ರು ಹೊತ್ತರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಬೈಯಲು ಅವಳಲ್ಲಿ ಉಸಿರಿರಲಿಲ್ಲ. ಎದೆಯಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಮೀನಖಂಡ ಅದುರುತ್ತಿತ್ತು. ಐವತ್ತೆರಡು ವರ್ಷದ ಹೆಂಗಸು, ಹೊಟ್ಟೆಯಲ್ಲಿ ಹಿಂದಿನ ರಾತ್ರಿಯ ಅರ್ಧ ಮುದ್ದೆ. ಪೊದೆಯ ಕೊಂಬೆ ಹಿಡಿದು ಒಂದು ಹೆಜ್ಜೆ, ಬಂಡೆ ತಬ್ಬಿ ಒಂದು ಹೆಜ್ಜೆ. ಮುಂದಿನ ತಿರುವಿನಲ್ಲಿ ಒಂದು ಚಪ್ಪಟೆ ಕಲ್ಲು ಕಾಣುತ್ತಿತ್ತು. ಅಲ್ಲಿಗೆ ಹೋಗಿ ಇವಳು ಕೂರುತ್ತಾಳೆ, ಕೂರದೆ ಇರಲಾರಳು ಎಂದು ಮೇಷ್ಟ್ರಿಗೆ ಖಚಿತವಾಯಿತು. ಕೂತರೆ ಗುರುಮಲ್ಲಮ್ಮ ಹೋದಳು. ದೇವರ ಮೇಲೆ ಅಷ್ಟೇನೂ ಭರವಸೆಯಿಲ್ಲದ ಮೇಷ್ಟ್ರು, ಜೀವನದಲ್ಲಿ ಮೊದಲ ಸಲ ಮನಸಾರೆ ಬೇಡಿಕೊಂಡರು: ಮಾದಪ್ಪ, ಇವಳನ್ನು ಕೂರಿಸಬೇಡ.

ಅವಳು ಕಲ್ಲಿನ ಹತ್ತಿರ ಬಂದಳು. ಕಲ್ಲು ನೋಡಿದಳು. ದಾಟಿದಳು.

ಆಗ ಹಿಂದಿನಿಂದ ಬರುತ್ತಿದ್ದ ಏದುಸಿರು ಕೇಳದಂತಾಯಿತು. ಮೇಷ್ಟ್ರು ತಿರುಗಿ ನೋಡಿದರು. ಮೂವತ್ತು ಮಾರು ಕೆಳಗೆ, ದಾರಿಯ ನಟ್ಟನಡುವೆ, ವೃಷಭೇಂದ್ರಪ್ಪನವರು ಬಿಂದಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಐವತ್ತು ವರ್ಷ ಚಪ್ಪಲಿ ಬಿಟ್ಟು ಇಳಿಯದ ಪಾದಗಳಿಂದ ರಕ್ತ ಸೋರುತ್ತಿತ್ತು.

ಪುಟ್ಟಬಸಮ್ಮನೂ ತಿರುಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಕ್ಕೆ ಇಳಿಯತೊಡಗಿದಳು.

"ಅಕ್ಕಾ, ಬೇಡ!" ಎಂದರು ಮೇಷ್ಟ್ರು. ಸೋತಳು, ಕನಿಕರಕ್ಕೆ ಸೋತಳು ಎಂದುಕೊಂಡರು. ಅವಳು ಅವರನ್ನು ದಾಟಿ, ಚಿಕ್ಕಮಾದಯ್ಯನನ್ನು ದಾಟಿ, ಅಷ್ಟು ಕಷ್ಟದಲ್ಲಿ ಹತ್ತಿದ್ದನ್ನೆಲ್ಲ ಇಳಿದು ಹೋಗಿ, ಬೀಗರ ಮುಂದೆ ಕುಕ್ಕರಗಾಲಲ್ಲಿ ಕೂತಳು. ವೃಷಭೇಂದ್ರಪ್ಪನವರು ಬಿಂದಿಗೆಯ ಕಡೆ ಕೈ ಹಾಕುವಷ್ಟರಲ್ಲಿ ಅವಳು ಸೋರೆಬುರುಡೆಯ ಬಿರಡೆ ತೆಗೆದು, ಅವರ ಬಲಪಾದ ಹಿಡಿದು, ನೀರು ಹುಯ್ದಳು.

ಅವರಿಗೆ ಏನಾಗುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಣ್ಣೀರಿಗೆ ಹಾಯೆನಿಸಿ ಕಣ್ಣು ಮುಚ್ಚಿದರು. ತೆರೆದಾಗ ಚಿಕ್ಕಮಾದಯ್ಯ ಎದುರಿಗೆ ನಿಂತಿದ್ದ.

"ಬೇಡಿ ಬೀಗಿತಿ, ನಾನ್ ಪರಸೆಯೋನಲ್ಲ..."

"ಚಪ್ಲಿ ಬುಟ್ಟು ಹತ್ತಿದ್ದೀರಿ, ಇಬೂತಿ ಇಟ್ಟಿದ್ದೀರಿ, ಬುಡದಿಂದ ನಮ್ ಜೊತೇಲೇ ನಡ್ದಿದ್ದೀರಿ" ಎಂದ ಚಿಕ್ಕಮಾದಯ್ಯ, ಬೆರಳು ಮಡಿಸುತ್ತ. "ಈಗ ಕೂತೂ ಇದ್ದೀರಿ. ಇನ್ನೇನ್ ಆಗ್ಬೇಕು ಪರಸೆಯೋರು ಅನ್ನಾಕೆ?"

ಪುಟ್ಟಬಸಮ್ಮ ಅವಸರ ಮಾಡಲಿಲ್ಲ. ಬೆರಳ ಸಂದಿನ ಕೆಸರು ತೆಗೆದಳು, ಎಡಪಾದದಲ್ಲಿದ್ದ ಒಂದು ಮುಳ್ಳನ್ನು ಉಗುರಿನಿಂದ ಕಿತ್ತಳು, ಸೆರಗಿನಿಂದ ಒರೆಸಿದಳು. ಮನೆಯ ಹಿರಿಯರಿಗೆ ಮಾಡುವಂತೆ ಮಾಡಿದಳು. ಆಮೇಲೆ ಕೇಳಿದಳು.

"ನನ್ ಮಗಳ ಆಸೆ ಬುಟ್ಬುಡಿ ಬೀಗ್ರೆ. ಬುಡುಗಡೆ ಕಾಗ್ದಕ್ಕೆ ಮರಿಮಲ್ಲನ ಕೈಲಿ ರುಜು ಹಾಕ್ಸಿ. ಅವಳ ಪಾತ್ರೆ, ಸೀರೆ, ತವರಿಂದ ಹೊಡ್ಕಂಡ್ ಬಂದಿದ್ದ ಹಸ, ಕಳ್ಸಿ."

ಬೀಗರು ಕರೆಸಿದ್ದ ಮೂರು ಊರಿನ ಯಜಮಾನರು ಮನೆಯ ಜಗಲಿಯ ಮೇಲೆ ಕಾಯುತ್ತಿದ್ದರು. ಇಲ್ಲಿದ್ದ ಸಾಕ್ಷಿಗಳು ಒಬ್ಬ ಮುದುಕ, ಒಬ್ಬ ಮೇಷ್ಟ್ರು, ಅಷ್ಟು ಹೊತ್ತಿಗೆ ತೆವಳಿಕೊಂಡು ಬಂದು ಸೇರಿದ ಸುಂದ್ರಮ್ಮ. ಅವಳು ನೋಡಿದರೆ ಗುಂಡ್ಲುಪೇಟೆ ಪೂರಾ ನೋಡಿದ ಹಾಗೆ. ವೃಷಭೇಂದ್ರಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೇಷ್ಟ್ರು ಈ ಸಲ ಮೋಡ ನೋಡಲಿಲ್ಲ.

"ನನ್ ಮಗ ಕೆಟ್ಟೋನಲ್ಲ" ಎಂದರು ಕೊನೆಗೆ, ಯಾರಿಗೂ ಅಲ್ಲದ ಹಾಗೆ.

ಅವರು ತಮ್ಮ ಹಣೆಯ ವಿಭೂತಿಯನ್ನೇ ತೆಗೆದು ಅವಳ ಹಣೆಗೆ ಮುಟ್ಟಿಸಿದರು. "ಮಾದಪ್ಪ ಒಳ್ಳೇದ್ ಮಾಡ್ಲಿ" ಎಂದರು. ದನಿ ಬಾವಿಯೊಳಗಿಂದ ಬಂದಂತಿತ್ತು. ಏಳಲು ಆಗಲಿಲ್ಲ, ಮೇಷ್ಟ್ರು ರಟ್ಟೆ ಹಿಡಿದು ಎಬ್ಬಿಸಿದರು. ಬಿಂದಿಗೆ ತೂಗಾಡಿಸುತ್ತ, ಕಲ್ಲು ಕಲ್ಲಿಗೂ ಕೈ ಊರುತ್ತ ಅವರು ಇಳಿದು ಹೋದದ್ದು ಬಹಳ ಹೊತ್ತು ಕಾಣುತ್ತಿತ್ತು. ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ, ಮಗ ರುಜು ಹಾಕುತ್ತಾನೋ ಇಲ್ಲವೋ, ಮೇಷ್ಟ್ರಿಗೆ ಗೊತ್ತಿರಲಿಲ್ಲ. ರುಜು ಹಾಕಿದರೂ ಗುರುಮಲ್ಲಮ್ಮನ ಎಡಗಿವಿಗೆ ಅದರ ಸುದ್ದಿ ಕೇಳಿಸುವುದಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು. ಅಂಥ ಮನುಷ್ಯನ ರಟ್ಟೆ ಹಿಡಿದಾಗ ತಮಗೆ ಪಾಪ ಅನ್ನಿಸಿತಲ್ಲ ಎಂಬುದೂ ಅವರನ್ನು ಕೊರೆಯುತ್ತಿತ್ತು.

ಗುಡ್ಡದ ನೆತ್ತಿ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಜಾರಿತ್ತು. ಸುಂದ್ರಮ್ಮ ಎಸರಿಟ್ಟಳು. ಚಿಕ್ಕಮಾದಯ್ಯ ಕಂಸಾಳೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ, ಪದ ಹೇಳಲಿಲ್ಲ. ಪುಟ್ಟಬಸಮ್ಮ ಗುಡ್ಡಕ್ಕೆ ಹೊರಟ ಮೇಲೆ ಮೊದಲ ಸಲ ದಣಿವಾರಿಸಿಕೊಳ್ಳಲು ಕೂತು, ಹಿಮ್ಮಡಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಮುಳ್ಳು ಹುಡುಕುತ್ತಿದ್ದಳು. ಮುಳ್ಳು ಆಳಕ್ಕೆ ಹೋಗಿತ್ತು, ಸಿಗುತ್ತಿರಲಿಲ್ಲ.

ಮೇಷ್ಟ್ರಿಗೆ ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ. ಅಷ್ಟು ನಯವಾಗಿ ಪಾದ ತೊಳೆದ ಕೈಯೊಳಗೆ ಏನಿತ್ತು ಎಂದು ಕೇಳದೆ ಇರಲೂ ಆಗಲಿಲ್ಲ. ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ಕೇಳಿದರು:

"ಅಕ್ಕ, ಈಗಲಾದ್ರೂ ಅವರ ಮೇಲಿನ ಸಿಟ್ಟು ಹೋಯ್ತೇನಕ್ಕ?"

ಪುಟ್ಟಬಸಮ್ಮ ಹಿಮ್ಮಡಿಯಿಂದ ಕಣ್ಣೆತ್ತಲಿಲ್ಲ.

"ಸಿಟ್ಟು ಬುಡ್ಬೇಕಾದ್ದು ಕಾಲ್ ತೊಳಿಸ್ಕಂಡೋರು ಕಣ್ಲಾ. ನಾನ್ ತೊಳ್ದೋಳು."